ತಪ್ಪಿಹೋದ ಪಾಠ

ಪಟ್ಟಣದ ಮನೆಗಳಲ್ಲಿ ಮಗುವಿಗೆ ಒಂದು ವಾರ ಜ್ವರ ಬಂದಿತೆಂದರೆ ತಾಯಿಗೆ ಎರಡು ಚಿಂತೆಗಳು. ಜ್ವರ ಇಳಿಯಬೇಕೆಂಬುದು ಮೊದಲನೆಯದು. ತಪ್ಪಿಹೋದ ಪಾಠಗಳ ಗತಿಯೇನೆಂಬುದು ಎರಡನೆಯದು. ಜ್ವರವನ್ನು ವೈದ್ಯರು ಇಳಿಸುತ್ತಾರೆ. ಪಾಠದ ಚಿಂತೆಗೆ ಮದ್ದಾಗಿ ತಾಯಿಯೇ ನೆರೆಮನೆಯ ಹುಡುಗನ ನೋಟುಪುಸ್ತಕವನ್ನು ಎರವಲು ತಂದು, ರಾತ್ರಿ ಅಡುಗೆಮನೆಯ ಕೆಲಸ ಮುಗಿದ ಮೇಲೆ ನಕಲು ಮಾಡಲು ಕುಳಿತುಕೊಳ್ಳುತ್ತಾಳೆ. ಪಾಠವೇನೋ ಪುಸ್ತಕಕ್ಕೆ ಸೇರುತ್ತದೆ. ಮಗುವಿನ ತಲೆಗೆ ಸೇರಿತೆ ಎಂಬುದು ಬೇರೆಯ ಮಾತು.

ಆದರೆ ನೆರೆಮನೆಯಲ್ಲಿ ನೋಟುಪುಸ್ತಕವೇ ಇಲ್ಲದ, ತಾಯಿಗೆ ಅಕ್ಷರವೇ ಬಾರದ ಮಗುವಿನ ಪಾಡೇನು? ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಿಂದ ಕಾಫಿ ಹಣ್ಣಿನ ಕಾಲದಲ್ಲಿ ಕೂಲಿಯವರು ಕೊಡಗಿಗೆ ಹೋಗುವುದುಂಟು. ಅವರೊಡನೆ ಮಕ್ಕಳೂ ಹೋಗುವುದುಂಟು. ಮರಳಿ ಬರುವ ವೇಳೆಗೆ ತರಗತಿ ಮುಂದೆ ಸಾಗಿರುತ್ತದೆ. ಆಂಧ್ರಪ್ರದೇಶದ ಋಷಿ ಕಣಿವೆಯ ಗ್ರಾಮಶಾಲೆಗಳ ಕ್ರಮವನ್ನು ಕಂಡುಬಂದ ಶಿಕ್ಷಕರು ಇದೇ ತಾಲ್ಲೂಕಿನಲ್ಲಿ, ಯುನಿಸೆಫ್ ಸಂಸ್ಥೆಯ ನೆರವಿನಿಂದ, 1995ರಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು. ‘ನಲಿ-ಕಲಿ’ ಎಂದು ಅದಕ್ಕೆ ಹೆಸರಾಯಿತು. 2009ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವ್ಯಾಪಿಸಿತು.

ಇಲ್ಲಿ ಪಾಠವೆಂಬುದು ಪುಸ್ತಕದ ಪುಟವಲ್ಲ, ಏಣಿಯ ಮೆಟ್ಟಿಲು. ಗೋಡೆಯ ಮೇಲೆ ಕಲಿಕೆಯ ಏಣಿಯ ಚಿತ್ರ. ಪ್ರತಿ ಮೆಟ್ಟಿಲಿಗೂ ಒಂದು ಗುರುತು, ಒಂದು ಕಾರ್ಡು. ಮಗು ತನ್ನ ಮೆಟ್ಟಿಲನ್ನು ತಾನೇ ಹುಡುಕಿ, ಕಾರ್ಡನ್ನು ತಾನೇ ತೆಗೆದುಕೊಂಡು, ತನಗೆ ಹೊಂದುವ ಗುಂಪಿನಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತದೆ. ‘ತಟ್ಟೆ’ ಎಂದು ಕರೆಯುವ ಈ ಗುಂಪುಗಳು ಐದು. ಒಂದರಲ್ಲಿ ಶಿಕ್ಷಕರ ಪೂರ್ಣ ನೆರವು, ಎರಡರಲ್ಲಿ ಭಾಗಶಃ ನೆರವು. ಮೂರು ಮತ್ತು ನಾಲ್ಕರಲ್ಲಿ ಒಡನಾಡಿಗಳ ನೆರವು. ಐದರಲ್ಲಿ ತನಗೆ ತಾನೇ ಗುರು.

ಅಕ್ಷರಗಳೂ ‘ಅ ಆ ಇ ಈ’ ಎಂಬ ಹಳೆಯ ಸಾಲಿನಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಮೊದಲು ಬರುತ್ತವೆ. ಅಷ್ಟರಿಂದಲೇ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಮಗುವಿನ ಕೈಗೆ ಸಿಗುತ್ತವೆ. ಙ, ಞ ಎಂಬ ಅಪರೂಪದ ಅತಿಥಿಗಳಿಗಾಗಿ ಓದಿನ ಸುಖ ಕಾದು ನಿಲ್ಲಬೇಕಾಗಿಲ್ಲ.

ಹದಿನೈದು ದಿನ ತೋಟದಲ್ಲಿದ್ದು ಮರಳಿದ ಆರು ವರ್ಷದ ಬಾಲಕಿಯೊಬ್ಬಳ ವಾರವನ್ನು ಊಹಿಸಬಹುದು. ಸೋಮವಾರ ಅವಳು ಏಣಿಯ ಮುಂದೆ ನಿಂತು, ತಾನು ಬಿಟ್ಟುಹೋದ ಗುರುತನ್ನು ಕಂಡುಹಿಡಿಯುತ್ತಾಳೆ. ಗುರುತು ಅಲ್ಲಿಯೇ ಇದೆ. ಅಕ್ಷರ ಮಾತ್ರ ಮರೆತಿದೆ. ಮೊದಲ ತಟ್ಟೆಯಲ್ಲಿ ಮೇಡಮ್ಮು ಮತ್ತೆ ಹೇಳಿಕೊಡುತ್ತಾರೆ. ಮಂಗಳವಾರ, ಬುಧವಾರ ಗೋಡೆಯ ಕೆಳಗಿನ ಕಪ್ಪುಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ತಿದ್ದುವ ಕೆಲಸ. ಗುರುವಾರ ಎರಡನೆಯ ತರಗತಿಯ ಹುಡುಗನೊಬ್ಬ, “ಇದು ದ ಕಣೇ, ರ ಅಲ್ಲ” ಎಂದು ಗುರುವಿನ ಗಾಂಭೀರ್ಯದಿಂದ ತಿದ್ದುತ್ತಾನೆ. ಶುಕ್ರವಾರ ಒಬ್ಬಳೇ ಕುಳಿತು ಬರೆಯುತ್ತಾಳೆ. ಶನಿವಾರ ಬೆಳಗಿನ ಶಾಲೆಯಲ್ಲಿ, ಯಾರೂ ಹೇಳಿಕೊಡದೆ ‘ಗರಗಸ’ ಎಂದು ಓದಿ, ತಾನೇ ಬೆರಗಾಗಿ ಸುತ್ತ ನೋಡುತ್ತಾಳೆ.

ಎಲ್ಲ ಶಾಲೆಯಲ್ಲಿಯೂ ವಾರ ಹೀಗೆಯೇ ಮುಗಿಯುವುದೆಂದಲ್ಲ. ಐದು ತಟ್ಟೆಗಳಿಗೆ ಶಿಕ್ಷಕರು ಒಬ್ಬರೇ. ಮಕ್ಕಳು ಹೆಚ್ಚಾದಲ್ಲಿ ಐದನೆಯ ತಟ್ಟೆಯ ‘ಸ್ವಕಲಿಕೆ’ ಹೆಸರಿಗೆ ಮಾತ್ರ ಉಳಿದು, ಮಗು ಕಾರ್ಡು ಹಿಡಿದು ಕಿಟಕಿಯಾಚೆ ನೋಡುತ್ತ ಕೂರುವುದುಂಟು. ಏಣಿ ಎಷ್ಟೇ ಚೆನ್ನಾಗಿರಲಿ, ಬುಡದಲ್ಲಿ ಹಿಡಿದುಕೊಳ್ಳುವ ಕೈ ಬೇಕು. ‘ನಮ್ಮ ಮಗುವಿಗೆ ಅ ಆ ಇ ಈ ಕೂಡ ಸರಿಯಾಗಿ ಬಾರದು’ ಎಂದು ತಂದೆತಾಯಿಗಳು ಗೊಣಗುವುದೂ ಉಂಟು.

ಆದರೂ ಆ ಬಾಲಕಿಯನ್ನು ‘ನೀನು ಹಿಂದುಳಿದೆ’ ಎಂದು ಯಾರೂ ಹೇಳಲಿಲ್ಲ. ಅವಳು ನಿಂತಲ್ಲಿಂದಲೇ ದಾರಿ ಆರಂಭವಾಯಿತು. ಸಂಜೆ ಮನೆಗೆ ಬಂದ ಮಗುವನ್ನು “ಇಂದು ಎಷ್ಟು ಪಾಠವಾಯಿತು?” ಎಂದು ಕೇಳುವುದು ಪಟ್ಟಣದ ಮನೆಗಳ ರೂಢಿ. “ಇಂದು ನಿನಗೆ ಏನು ತಿಳಿಯಿತು, ಮಗು?” ಎಂದು ಕೇಳಿದರೆ, ನಕಲು ಮಾಡುವ ತಾಯಿಗೂ ರಾತ್ರಿ ತುಸು ನಿದ್ದೆ ದೊರೆತೀತು.