ಮೇಷ್ಟ್ರ ಪರ ನಿಂತ ಹುಡುಗರು

2021ರ ಡಿಸೆಂಬರ್‌ನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದಾಗ ಹಲವೆಡೆ ವಿದ್ಯಾರ್ಥಿಗಳೂ ಅವರ ಪರ ಬೀದಿಗಿಳಿದರು. ಓದೋ ಹುಡುಗರಿಗೆ ಈ ಉಸಾಬರಿ ಯಾಕೆ ಅನ್ನೋರಿಗೆ ನನ್ನದೊಂದು ಮಾತು.

ನೋಡಿ, ನೆಟ್, ಪಿಎಚ್‌ಡಿ ಆದವರಿಗೂ ಆಗ ಸಿಗುತ್ತಿದ್ದದ್ದು ತಿಂಗಳಿಗೆ 13 ಸಾವಿರ! ನಮ್ಮಂಥ ಸಾಫ್ಟ್‌ವೇರ್‌ನೋರಿಗೆ ಇಂದಿರಾನಗರದಲ್ಲಿ ಮನೆ ಬಾಡಿಗೆಗೂ ಸಾಲದ ದುಡ್ಡು. 2022ರ ಜನವರಿಯಲ್ಲಿ ಗೌರವಧನ 26ರಿಂದ 32 ಸಾವಿರಕ್ಕೇರಿತು, ನಿಜ. ಜೊತೆಗೇ ವಾರಕ್ಕೆ 15 ಗಂಟೆ ಪಾಠ ಅಂತಾಯಿತು. ಅಂದರೆ ಹೆಚ್ಚುಕಮ್ಮಿ ಇಬ್ಬರ ಪಾಠ ಒಬ್ಬರಿಗೆ, ಇನ್ನೊಬ್ಬರ ಗತಿ? ಖಾಯಂ ಮಾಡಿ ಅನ್ನೋ ಬೇಡಿಕೆ ಹಾಗೇ ಉಳಿಯಿತು... 2023ರ ಕೊನೆಗೆ ಮತ್ತೆ ಮುಷ್ಕರ.

ಮೇಷ್ಟ್ರು ವರ್ಷ ವರ್ಷ ಬದಲಾದರೆ ನಷ್ಟ ಯಾರಿಗೆ? ಕೆ.ಆರ್.ಪುರದ ಸರ್ಕಾರಿ ಕಾಲೇಜಿಗೆ ಬರೋ ಎಷ್ಟೋ ಮಕ್ಕಳಿಗೆ ಟ್ಯೂಷನ್ನಿಗೆ ದುಡ್ಡಿಲ್ಲ, ತರಗತಿಯೇ ಗತಿ. ಅದು ಉಸಾಬರಿಯಲ್ಲ ಸ್ವಾಮಿ, ಅವರದೇ ಹೋರಾಟ. ಏನಂತೀರಿ?