ಪಂಚರ ತೀರ್ಪೂ ಹೆಣ್ಣುಮಕ್ಕಳ ಪಾಲೂ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ರೈತನು ಹೊಗೆಸೊಪ್ಪು ಬೆಳೆಯಲಿ, ಕೃಷ್ಣರಾಜನಗರದವನು ನಾಲೆಯ ನೀರಿನಲ್ಲಿ ಭತ್ತ ಬೆಳೆಯಲಿ, ಅವರವರ ವ್ಯಾಜ್ಯಗಳು ಮಾತ್ರ ಬಹುಮಟ್ಟಿಗೆ ಒಂದೇ ತೆರನಾದುವು: ಅಣ್ಣತಮ್ಮಂದಿರ ಪಾಲು, ಬದುವಿನ ಒತ್ತುವರಿ, ಗಾಡಿದಾರಿ, ಕೈಸಾಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಇವರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಜಗಳವನ್ನು ಊರಿನಲ್ಲಿಯೇ ತೀರಿಸಿಕೊಳ್ಳಿರೆಂಬ ಹಿರಿಯರ ಮಾತಿಗೆ ನಮ್ಮ ಪೂರ್ಣ ಸಮ್ಮತಿಯುಂಟು. ಆದರೆ ಅರಳಿಕಟ್ಟೆಯ ಮೇಲೆ ಆಡಿದ ಮಾತೆಲ್ಲವೂ ತೀರ್ಪಾಗಲಾರದು.

1996ನೆಯ ಇಸವಿಯ ಮಧ್ಯಸ್ಥಿಕೆ ಕಾಯಿದೆಯು ಕೇಳುವುದು ಅಸಾಧ್ಯವಾದುದೇನನ್ನೂ ಅಲ್ಲ. ಉಭಯ ಪಕ್ಷದವರ ಒಪ್ಪಂದವು ಲಿಖಿತವಾಗಿರಬೇಕು. ಮಧ್ಯಸ್ಥರ ಸಂಖ್ಯೆಯು ಸರಿಸಂಖ್ಯೆಯಾಗಿರಕೂಡದು (ನಮ್ಮ ಪೂರ್ವಿಕರು ಪಂಚರನ್ನು ಐವರೆಂದೇ ಎಣಿಸಿದ್ದು ಸುಮ್ಮನೆ ಅಲ್ಲ). ಇಬ್ಬರ ಅಹವಾಲನ್ನೂ ಕೇಳಿ, ತೀರ್ಪನ್ನು ಬರೆದು ರುಜು ಮಾಡಬೇಕು. ಅದನ್ನು ರದ್ದುಪಡಿಸಬೇಕೆಂದು ಕೇಳುವ ವಾಯಿದೆ ಕಳೆದ ಮೇಲೆ ಅದು ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಜಮೀನು ಹಂಚಿಕೊಡುವ ತೀರ್ಪಿಗಾದರೋ ತಕ್ಕ ಸ್ಟಾಂಪೂ ರಿಜಿಸ್ಟ್ರಿಯೂ ಬೇಕು. ಬಿಳಿಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿ ಪಾಲಾಯಿತೆಂದು ಎದ್ದುಹೋಗುವ ಪಂಚರು ಮುಂದಿನ ತಲೆಮಾರಿಗೆ ದಾವೆಯೊಂದನ್ನು ಕೂಡಿಟ್ಟಂತೆಯೇ ಸರಿ.

ಇದಕ್ಕಿಂತಲೂ ದೊಡ್ಡ ಲೋಪವೊಂದುಂಟು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ತಿದ್ದುಪಡಿಯನ್ನು ನಮ್ಮ ಕರ್ನಾಟಕವು 1994ರಲ್ಲಿಯೇ ಮಾಡಿತು; ಇಡೀ ದೇಶಕ್ಕೆ ಅದು 2005ರಲ್ಲಿ ಬಂದಿತು; 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಹುಟ್ಟಿನಿಂದಲೇ ಬರುವ ಹಕ್ಕೆಂದು ಸ್ಪಷ್ಟಪಡಿಸಿತು. ಹೀಗಿದ್ದೂ ಪಾಲಿನ ಪಂಚಾಯಿತಿಗೆ ಮಗಳನ್ನು ಕರೆಯುವವರೆಷ್ಟು ಮಂದಿ? ಅರಿಶಿನ ಕುಂಕುಮಕ್ಕೆಂದು ನಾಲ್ಕು ಕಾಸು ಕೊಟ್ಟು ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ತಾನು ಒಪ್ಪದ ತೀರ್ಪಿಗೆ ಅವಳು ಬದ್ಧಳೂ ಅಲ್ಲ. ಹತ್ತು ವರುಷದ ತರುವಾಯ ಅವಳು ದಾವೆ ಹೂಡಿದರೆ, ಮನೆ ಮುರಿದಳೆಂದು ದೂರುವವರು ಮೊದಲು ಪಂಚರನ್ನು ವಿಚಾರಿಸಲಿ. ಇನ್ನು ದಂಡ ಹಾಕಿ ಬಹಿಷ್ಕಾರವಿಡುವ ಜಾತಿಕಟ್ಟೆಗಳಿಗೆ ಮಧ್ಯಸ್ಥಿಕೆಯ ಹೆಸರೇ ಸಲ್ಲದು.

ಊರಿನ ಪಂಚರಲ್ಲಿ ನಂಬಿಕೆಯಿಲ್ಲದವರಿಗೆ ಲೋಕ ಅದಾಲತ್ತುಂಟು. ಅಲ್ಲಿ ಯಾರೂ ತೀರ್ಪನ್ನು ಹೇರಲಾರರು. ಇಬ್ಬರೂ ಒಪ್ಪಿದರೆ ಮಾತ್ರ ರಾಜಿ. ಒಪ್ಪಿದ ಮೇಲೆ ಅದೇ ಡಿಕ್ರಿ, ಅಪೀಲಿಲ್ಲ. ಕೋರ್ಟಿನಲ್ಲಿದ್ದ ದಾವೆಯಾದರೆ ಕಟ್ಟಿದ ಫೀಜೂ ಹಿಂದಕ್ಕೆ ಬರುತ್ತದೆ.

ತಾಲ್ಲೂಕು ಕಾನೂನು ಸೇವಾ ಸಮಿತಿಯವರೂ ವಕೀಲ ಬಾಂಧವರೂ ಹೋಬಳಿಗಳಿಗೆ ಹೋಗಿ ಬೈಠಕ್ಕು ನಡೆಸಲಿ. ಒಪ್ಪಂದದ ಮಾದರಿ ಪತ್ರವು ಪ್ರತಿ ಗ್ರಾಮ ಪಂಚಾಯಿತಿ ಕಚೇರಿಯಲ್ಲಿಯೂ ದೊರೆಯಲಿ. ಪಾಲಿನ ವ್ಯಾಜ್ಯವಾದರೆ, ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳಿಗೂ ತಿಳಿವಳಿಕೆ ಪತ್ರ ಮುಟ್ಟಿದ ಹೊರತು ಪಂಚರು ಕುಳಿತುಕೊಳ್ಳದಿರಲಿ.