ಹಣಕಾಸು ತಂತ್ರಜ್ಞಾನದ ವ್ಯಾಸಂಗ: ಬುನಾದಿಯ ವಿಚಾರ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಯಿಪಲ್ಯ ಮಾರುವ ತಾಯಿಯ ಬುಟ್ಟಿಯ ಮಗ್ಗುಲಲ್ಲಿಯೂ ಇಂದು ಕ್ಯೂಆರ್ ಫಲಕವೊಂದು ನಿಂತಿರುತ್ತದೆ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯು ಕೆಲವೇ ವರ್ಷಗಳಲ್ಲಿ ಸಂತೆಯ ಮೂಲೆಯನ್ನೂ ಮುಟ್ಟಿದೆ. ಅದರ ಬೆನ್ನಿಗೇ ಫಿನ್‌ಟೆಕ್, ಅಂದರೆ ಹಣಕಾಸು ತಂತ್ರಜ್ಞಾನ, ಎಂಬ ವ್ಯಾಸಂಗವೂ ಬಂದಿದೆ. ಪಿಯುಸಿ, ಬಿ.ಕಾಂ. ಮುಗಿಸಿದ ಅವಳಿ ನಗರದ ತರುಣ ತರುಣಿಯರು ಈ ಹಾದಿಯಲ್ಲಿ ನೌಕರಿ ದೊರೆತೀತೆಂದು ಆಶಿಸುವುದು ಸಹಜವೇ ಆಗಿದೆ. ಆದರೆ ಈ ವಿದ್ಯೆಯ ಬುನಾದಿ ಯಾವುದೆಂಬುದನ್ನು ಅವರಿಗೆ ತಿಳಿಸಿ ಹೇಳುವವರು ವಿರಳ.

ಹಣಕ್ಕೆ ಹೊಸ ಹಾದಿ ತೆರೆಯುವ ಕೆಲಸ ಈ ನಾಡಿಗೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಸಂಸ್ಥೆಯನ್ನು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ್ದು ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಬಾಗಿಲಿಗೇ ಒಯ್ದಿತು. ಅಂದಿನ ಸಾಧನ ಕಿರ್ದಿ ಪುಸ್ತಕ, ಇಂದಿನದು ಮೊಬೈಲು. ಸಾಧನ ಬದಲಾದರೂ, ಕೊಟ್ಟ ಹಣ ಕೊಟ್ಟಲ್ಲಿಗೇ ಸೇರಬೇಕೆಂಬ ನಂಬಿಕೆ ಬದಲಾಗಿಲ್ಲ.

ಆ ನಂಬಿಕೆ ಎಲ್ಲಿ ಸಡಿಲುತ್ತದೆಯೋ ಅಲ್ಲಿಯೇ ಈ ವಿದ್ಯೆಯ ನಿಜವಾದ ಕೆಲಸವಿದೆ. ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ಕಾಯಿಪಲ್ಯದ ತಾಯಿಗೆ ಸೇರಲಿಲ್ಲವೆನ್ನೋಣ. ಇಬ್ಬರ ಬ್ಯಾಂಕುಗಳು, ಅವುಗಳ ನಡುವೆ ರಾಷ್ಟ್ರೀಯ ಪಾವತಿ ನಿಗಮ. ಇಷ್ಟು ಕಡೆಯ ದಾಖಲೆಗಳನ್ನು ತಾಳೆ ನೋಡಬೇಕು. ವ್ಯಾಪಾರಿಗೆ ಸಂದಾಯವಾದದ್ದು ಖಚಿತವಾಗದಿದ್ದರೆ ವ್ಯವಹಾರದ ನಂತರ 5 ದಿನಗಳೊಳಗೆ ಹಣ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂದು 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿತು. ಈ ತಾಳೆ ನೋಡುವಿಕೆ, ದೂರು ಪರಿಹಾರ, ಗ್ರಾಹಕರ ಗುರುತಿನ ಪರಿಶೀಲನೆ, ವಂಚನೆಯ ಮೇಲೆ ನಿಗಾ ಇವೇ ಹೊಸಬನಿಗೆ ದೊರೆಯುವ ಮೊದಲ ಕೆಲಸಗಳು.

ಆದುದರಿಂದ ಬುನಾದಿಯ ವ್ಯಾಸಂಗಕ್ಕೆ ಮೂರು ಕಲ್ಲುಗಳು ಬೇಕು: ಜಮಾ-ಖರ್ಚಿನ ಲೆಕ್ಕಶಾಸ್ತ್ರ, ಬ್ಯಾಂಕು ವ್ಯವಹಾರದ ಕಾಯಿದೆ, ಮಾಹಿತಿಯನ್ನು ಗಣಕಯಂತ್ರದಲ್ಲಿ ಅಳವಡಿಸಿ ಶೋಧಿಸುವ ಕೌಶಲ. ಯಂತ್ರವೇ ಲೆಕ್ಕ ಬರೆಯುವಾಗ ಕಿರ್ದಿ-ಖತಾವಣಿಯ ಗೊಡವೆ ಏಕೆಂದು ಕೇಳುವವರುಂಟು. ಯಂತ್ರ ಬರೆದದ್ದು ತಪ್ಪೆಂದು ಗುರುತಿಸಲು ಸರಿ ಯಾವುದೆಂಬುದು ಮನುಷ್ಯನಿಗೆ ತಿಳಿದಿರಬೇಕಷ್ಟೆ. ಯುಪಿಐನಲ್ಲಿ ಹಣ ಕಳುಹಿಸಲು ಗುಪ್ತಸಂಖ್ಯೆ ಬೇಕೇ ಹೊರತು ಪಡೆಯಲು ಬೇಡವೆಂಬ ಸಣ್ಣ ಸಂಗತಿಯನ್ನು ಅರಿಯದೆ ಉಳಿತಾಯ ಕಳೆದುಕೊಂಡವರಿದ್ದಾರೆ. ಅಂತಹವರಿಗೆ ಅವರ ನುಡಿಯಲ್ಲಿಯೇ ತಿಳಿಹೇಳಬಲ್ಲ ಕನ್ನಡದ ಪದವೀಧರನಿಗೆ ಈ ಕ್ಷೇತ್ರದಲ್ಲಿ ವಿಶೇಷ ಸ್ಥಾನವುಂಟು.

ಇಲ್ಲಿ ಎಚ್ಚರಿಕೆಯ ಮಾತೊಂದು ಅಗತ್ಯ. ಕೆಲವೇ ತಿಂಗಳಲ್ಲಿ ನೌಕರಿಯ ಭರವಸೆ ನೀಡಿ ಭಾರೀ ಶುಲ್ಕ ಕೇಳುವ ತರಬೇತಿಗಳಿಗಾಗಿ ಪಾಲಕರು ಸಾಲಕ್ಕೆ ಕೈಯೊಡ್ಡಬೇಕಾಗಿಲ್ಲ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿ ವಾಣಿಜ್ಯದ, ಗಣಕದ ಪಾಠಗಳನ್ನು ಶುಲ್ಕವಿಲ್ಲದೆ ಕಲಿಯಬಹುದು. ಮೊದಲ ಸಂಬಳ ಸಾಧಾರಣವಾಗಿರುವುದೆಂಬುದನ್ನೂ, ಹೆಚ್ಚಿನ ಸಂಸ್ಥೆಗಳು ಬೆಂಗಳೂರಿನಲ್ಲಿಯೇ ಇವೆಯೆಂಬುದನ್ನೂ ಮುಚ್ಚಿಡುವುದು ಸಲ್ಲದು. ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ವಿಲೀನಗೊಂಡು, ಹೊಸ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲಿ ನೆಲೆಗೊಂಡಿದೆ. ಕೈಗೆಟುಕುತ್ತಿದ್ದ ಹಳೆಯ ಬಾಗಿಲುಗಳು ದೂರ ಸರಿಯುತ್ತಿರುವಾಗ ಹೊಸ ಬಾಗಿಲನ್ನು ತಟ್ಟುವ ಸಾಮರ್ಥ್ಯ ಮಕ್ಕಳಿಗೆ ಬೇಕು.

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ವಾಣಿಜ್ಯದ ಮತ್ತು ಗಣಕವಿಜ್ಞಾನದ ಗುರುಗಳು ಒಂದೇ ಮೇಜಿಗೆ ಕುಳಿತು ಪಾಠ ಹಂಚಿಕೊಳ್ಳಲಿ. ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ತಮ್ಮ ಅನುಭವವನ್ನು ಧಾರೆಯೆರೆಯಲಿ. ದಾನಿಗಳು ಗೋಡೆಯ ಕಲ್ಲಿಗೆ ಕೊಡುವ ಹಣದಲ್ಲಿ ಒಂದಂಶವನ್ನು ಬಡ ವಿದ್ಯಾರ್ಥಿಯ ಪರೀಕ್ಷಾ ಶುಲ್ಕಕ್ಕೂ ಗಣಕಯಂತ್ರಕ್ಕೂ ಮೀಸಲಿಡಲಿ. ಪರರ ಹಣವನ್ನು ಪೈಸೆ ತಪ್ಪದೆ ಎಣಿಸಿಕೊಡುವ ಪ್ರಾಮಾಣಿಕತೆಯನ್ನು ಮಾತ್ರ ಯಾವ ಯಂತ್ರವೂ ಕಲಿಸಲಾರದು. ಅದನ್ನು ಕಲಿಸಬೇಕಾದದ್ದು ಶಾಲೆಯೇ.